ಟ್ರಿಗರ್ ಹಗುರ ಮಾಡಿದರೆ ಹತ್ತು ಬೀಳುತ್ತಾ?

ಪ್ರಶ್ನೆ: ಸರ್, ನಾನು ಗದಗ-ಬೆಟಗೇರಿಯವನು. ಒಂದು ವರ್ಷದಿಂದ 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿದ್ದೇನೆ. ವಾರಕ್ಕೆರಡು ಸಲ ರೈಲು ಹತ್ತಿ ಹುಬ್ಬಳ್ಳಿಗೆ ಬಂದು ರೇಂಜಿನಲ್ಲಿ ಶೂಟ್ ಮಾಡುತ್ತೇನೆ. ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಟೈಯರ್ ಎಲ್‌ಪಿ10 ಪಿಸ್ತೂಲು ತಗೊಂಡೆ. ನಾನು ಬಲಗೈಯವನು. ಶಾಟ್‌ಗಳು ಹತ್ತು ಅಂಕದ ನಡುವೃತ್ತ ಬಿಟ್ಟು ಎಡಕ್ಕೆ, ಕೆಳಕ್ಕೆ ಹೋಗುತ್ತಿದ್ದವು. ಗೆಳೆಯನೊಬ್ಬ "ಟ್ರಿಗರ್ ಹಗೂರ ಮಾಡ್ಕೋಪಾ, ತಾವಾ ಹತ್ತು ಬೀಳ್ತಾವು" ಅಂದ. ಸ್ಕ್ರೂ ತಿರುಗಿಸಿದೆ. ಈಗ ಬೆರಳು ಮುಟ್ಟಿದರೆ ಸಾಕು, ಹಾರಿಬಿಡುತ್ತದೆ. ಶಾಟ್‌ಗಳು ಮಾತ್ರ ಅಲ್ಲೇ ಹೋಗುತ್ತಿವೆ. ಸ್ಪರ್ಧೆಯೊಂದರ ಇಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ (ಪಿಸ್ತೂಲು ನಿಯಮದಂತಿದೆಯೇ ಅಂತ ನೋಡುವ ತಪಾಸಣೆಯಲ್ಲಿ) 500 ಗ್ರಾಂ ತೂಕವನ್ನೂ ಎತ್ತಲಿಲ್ಲ. ಹೇಗೆ ಸರಿ ಮಾಡಿಕೊಳ್ಳಲಿ? ಮನೆಯಲ್ಲಿ ಏನು ಅಭ್ಯಾಸ ಮಾಡಬೇಕು? ಎಲೆಕ್ಟ್ರಾನಿಕ್ ಟ್ರಿಗರ್ ಇರುವ ಪಿಸ್ತೂಲು ತಗೊಂಡರೆ ವಾಸಿನಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಟ್ರಿಗರ್ ಹಗುರಾಯಿತು, ಶಾಟ್ ಬೀಳುವ ಜಾಗ ಬದಲಾಗಲಿಲ್ಲ. ಅಂದರೆ ತೊಂದರೆ ತೂಕದ್ದಾಗಿರಲಿಲ್ಲ. ನಿಮ್ಮ ಬೆರಳು ಟ್ರಿಗರನ್ನು ಯಾವ ದಿಕ್ಕಿಗೆ ಎಳೆಯುತ್ತಿದೆ, ಎಳೆಯುವಾಗ ಉಳಿದ ಕೈ ಏನು ಮಾಡುತ್ತಿದೆ ಅನ್ನುವುದು ನಿಜವಾದ ಪ್ರಶ್ನೆ. ಆದರೂ ಮೊದಲು ಸ್ಕ್ರೂಗಳ ಕೆಲಸ ಮುಗಿಸೋಣ. ಈಗಿನ ಸ್ಥಿತಿಯಲ್ಲಿ ಆ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿದರೆ ಕೆಟ್ಟ ರೂಢಿ ಬಿಟ್ಟು ಬೇರೇನೂ ಬರುವುದಿಲ್ಲ.

ನಿಯಮ ಹೇಳುವುದು ಇಷ್ಟು. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತಡೆಯಬೇಕು. ನಳಿಕೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಕಾಕ್ ಮಾಡಿದ (ಹಾರಿಸಲು ಸಜ್ಜು ಮಾಡಿದ) ಪಿಸ್ತೂಲಿನ ಟ್ರಿಗರ್ ನಡುಭಾಗಕ್ಕೆ ತೂಕವನ್ನು ಸಿಕ್ಕಿಸಿ, ಮೇಜಿನಿಂದ ಎತ್ತಬೇಕು. ತೂಕ ಮೇಜು ಬಿಟ್ಟು ಮೇಲೆ ಬರಬೇಕು, ಟ್ರಿಗರ್ ಬಿಡಬಾರದು. ಮೂರು ಪ್ರಯತ್ನ ಕೊಡುತ್ತಾರೆ. ಸ್ಪರ್ಧೆಗೆ ಮುಂಚೆ ಫೇಲಾದರೆ ಸರಿಮಾಡಿಕೊಂಡು ಬರಬಹುದು. ಆದರೆ ಮ್ಯಾಚ್ ಮುಗಿದ ಮೇಲೂ ಚೀಟಿ ಎತ್ತಿ ಕೆಲವರನ್ನು ಕರೆದು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಫೇಲಾದರೆ ಅನರ್ಹ, 60 ಶಾಟ್ ಹೊಡೆದ ಸ್ಕೋರು ಹೋಯಿತು. ನೀವು ಮುಂಚೆಯೇ ಸಿಕ್ಕಿಬಿದ್ದದ್ದು ಒಳ್ಳೆಯದೇ ಆಯಿತು.

"ನಡುಭಾಗಕ್ಕೆ" ಅಂದೆನಲ್ಲ, ಅದಕ್ಕೆ ಕಾರಣ ಇದೆ. ಟ್ರಿಗರ್ ಒಂದು ಸನ್ನೆಕೋಲು. ಮೇಲೆ ಅದರ ಕೀಲು. ಕೆಳತುದಿಗೆ ಹೋದಷ್ಟೂ ಕಡಿಮೆ ಬಲ ಸಾಕು. ಕೊಕ್ಕೆ ತುದಿಗೆ ಜಾರಿದರೆ 510 ಗ್ರಾಮಿಗೆ ಹೊಂದಿಸಿದ ಟ್ರಿಗರ್ ಕೂಡ 500ಕ್ಕೆ ಬಿಟ್ಟುಬಿಡಬಹುದು. ನಿಮ್ಮ ಬೆರಳಿಗೂ ಇದೇ ಲೆಕ್ಕ. ಒಂದು ದಿನ ನಡುವಿನಲ್ಲಿ, ಇನ್ನೊಂದು ದಿನ ಕೆಳಗೆ ಬೆರಳಿಟ್ಟರೆ ಟ್ರಿಗರ್ ದಿನಕ್ಕೊಂದು ತೂಕ ಅನಿಸುತ್ತದೆ. "ಸರ್, ಇವತ್ತು ಟ್ರಿಗರ್ ಬೇರೆ ಥರ ಇದೆ" ಅಂತ ಹೇಳುವ ಹುಡುಗರನ್ನು ರೇಂಜಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರಲ್ಲಿ ಬೇರೆ ಥರ ಇದ್ದದ್ದು ಬೆರಳು.

ಈಗ ತೂಕ ಅಳೆಯುವುದು. 500 ಗ್ರಾಮಿನ ಟ್ರಿಗರ್ ವೇಟ್ ಕೊಳ್ಳಲು ಸಿಗುತ್ತದೆ, ಕ್ಲಬ್ಬಿನಲ್ಲೂ ಇರುತ್ತದೆ. ಮನೆಗೆ ಒಂದು ಬೇಕಾದರೆ ಸಣ್ಣ ಪ್ಲಾಸ್ಟಿಕ್ ಬಾಟಲಿ ಸಾಕು. ಮುಚ್ಚಳಕ್ಕೆ ಗಟ್ಟಿ ತಂತಿಯ ಕೊಕ್ಕೆ ಹಾಕಿ, ಒಳಗೆ ಒಣಗಿದ ಸಣ್ಣ ಮರಳು ತುಂಬಿ. ಕಿರಾಣಿ ಅಂಗಡಿ ತಕ್ಕಡಿಯನ್ನು ನಂಬಬೇಡಿ, ಅದು ಐದು ಹತ್ತು ಗ್ರಾಂ ಅತ್ತಿತ್ತ ತೋರಿಸಬಹುದು. ಬಂಗಾರದ ಅಂಗಡಿಯಲ್ಲಿ ಕೇಳಿದರೆ ಬೇಡ ಅನ್ನುವುದಿಲ್ಲ. ಕೊಕ್ಕೆ, ಮುಚ್ಚಳ, ಮರಳು ಎಲ್ಲ ಸೇರಿಸಿ ತೂಗಿಸಿ. ಈ ಬಾಟಲಿಯಿಂದ ಇನ್ನೊಂದು ಲಾಭ ಇದೆ. ಮರಳು ಕಡಿಮೆ ಇಟ್ಟು ಸ್ವಲ್ಪ ಸ್ವಲ್ಪ ಹಾಕುತ್ತಾ ಎತ್ತಿದರೆ, ಒಂದು ಹಂತದಲ್ಲಿ ಟ್ರಿಗರ್ ಹಿಂದಕ್ಕೆ ಸರಿದು ನಿಲ್ಲುತ್ತದೆ. ಅದು ಫಸ್ಟ್ ಸ್ಟೇಜಿನ, ಅಂದರೆ ಎಳೆತದ ಮೊದಲ ಭಾಗದ, ತೂಕ. ಇನ್ನೂ ಹಾಕುತ್ತಾ ಹೋದರೆ ಬಿಡುತ್ತದೆ. ಅದು ಒಟ್ಟು ತೂಕ. ಎರಡರ ವ್ಯತ್ಯಾಸವೇ ಸೆಕೆಂಡ್ ಸ್ಟೇಜು. ಇದನ್ನೆಲ್ಲ ಪೆಲೆಟ್ (ಸೀಸದ ಸಣ್ಣ ಗುಂಡು) ಇಲ್ಲದೆ, ಡ್ರೈ ಫೈರಿಂಗ್ ಸ್ಥಾನದಲ್ಲಿ (ಗಾಳಿ ಹಾರದೆ ಟ್ರಿಗರ್ ಮಾತ್ರ ಕೆಲಸ ಮಾಡುವ ಸ್ಥಾನ), ನಳಿಕೆಯ ಎದುರು ಯಾರೂ ಇಲ್ಲದಂತೆ ನೋಡಿಕೊಂಡು ಮಾಡಿ. ಆ ಸ್ಥಾನಕ್ಕೆ ಹಾಕುವುದು ಹೇಗೆ ಅಂತ ಪಿಸ್ತೂಲಿನ ಕೈಪಿಡಿಯಲ್ಲಿದೆ. ಕೊನೆಗೊಮ್ಮೆ ರೇಂಜಿನಲ್ಲಿ, ಅಧಿಕಾರಿಗಳು ಮಾಡುವ ರೀತಿಯಲ್ಲೇ, ಪೂರ್ತಿ ಕಾಕ್ ಮಾಡಿ ನೋಡಿ.

ಎರಡು ಸ್ಟೇಜ್ ಯಾಕೆ ಅಂತ ಒಂದು ಮಾತು. ಬೈಕಿನ ಕ್ಲಚ್ಚಿನಲ್ಲಿ ಮೊದಲು ಒಂದಿಷ್ಟು ಸುಮ್ನೆ ಬರುತ್ತದೆ, ಆಮೇಲೆ ಹಿಡಿಯುವ ಜಾಗ ಕೈಗೆ ಗೊತ್ತಾಗುತ್ತದೆ, ಅಲ್ವಾ? ಇಲ್ಲೂ ಹಾಗೇ. ಫಸ್ಟ್ ಸ್ಟೇಜ್ ಮುಗಿದ ಜಾಗದಲ್ಲಿ ಬೆರಳಿಗೆ ಒಂದು ಗೋಡೆ ಸಿಗಬೇಕು. ಆ ಗೋಡೆಗೆ ಒರಗಿ ನಿಂತು, ಸೈಟ್ (ಗುರಿ ಹಿಡಿಯಲು ನಳಿಕೆಯ ಮೇಲಿರುವ ಹಿಂದಿನ ಸೀಳು, ಮುಂದಿನ ಮೊನೆ) ನೋಡುತ್ತಾ, ಉಳಿದ ಒತ್ತಡವನ್ನು ಕೂಡಿಸುತ್ತಾ ಹೋಗಬೇಕು. ನೀವು ಸೆಕೆಂಡ್ ಸ್ಟೇಜಿನ ಸ್ಕ್ರೂ ಸಡಿಲ ಮಾಡಿ ಆ ಗೋಡೆಯನ್ನೇ ಕೆಡವಿದ್ದೀರಿ. ಅದಕ್ಕೇ ಮುಟ್ಟಿದರೆ ಹಾರುವುದು. ಒಂದು ಸಲ ಹಾಗೆ ಹಾರಿದ ಮೇಲೆ ಬೆರಳು ಹೆದರುತ್ತದೆ. ಟ್ರಿಗರ್ ಹತ್ತಿರ ಹೋಗಲು ಹಿಂಜರಿಯುತ್ತದೆ, ಆಮೇಲೆ ಧೈರ್ಯ ಮಾಡಿ ಒಮ್ಮೆಲೇ ಎಳೆಯುತ್ತದೆ. ಹಗುರ ಟ್ರಿಗರ್ ಹೊಸಬರಿಗೆ ಸುಲಭ ಅನ್ನುವುದು ನಾನು ಒಪ್ಪದ ಮಾತು.

ಹೊಂದಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಈಗ ಯಾವ ಸ್ಕ್ರೂ ಎಲ್ಲಿದೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಒಂದು ವಹಿ ಇಡಿ. ಯಾವ ದಿನ, ಯಾವ ಸ್ಕ್ರೂ, ಎಷ್ಟು ಸುತ್ತು, ಯಾವ ಕಡೆಗೆ ಅಂತ ಬರೆಯಿರಿ. ಸರಿಯಾದ ಅಳತೆಯ ಅಲೆನ್ ಕೀ ಬಳಸಿ. ಸವೆದ ಕೀ ಹಾಕಿದರೆ ಸ್ಕ್ರೂ ತಲೆ ಹಾಳಾಗುತ್ತದೆ, ಅದನ್ನು ತೆಗೆಯುವುದು ದೊಡ್ಡ ರಗಳೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ, ಒಂದು ಸಲಕ್ಕೆ ಒಂದೇ ಸ್ಕ್ರೂ. ಸಿಯರ್ ಸ್ಕ್ರೂ ಅಂತ ಒಂದಿರುತ್ತದೆ, ಒಳಗಿನ ಕೊಂಡಿ ಎಷ್ಟು ಆಳಕ್ಕೆ ಸಿಕ್ಕಿಕೊಳ್ಳಬೇಕು ಅಂತ ತೀರ್ಮಾನಿಸುವುದು ಅದೇ. ಅದನ್ನು ಮುಟ್ಟಬೇಡಿ. ಹಿಂದಿನ ಮಾಲೀಕರು ಮುಟ್ಟಿರಬಹುದು ಅನ್ನುವ ಅನುಮಾನ ಇದ್ದರೆ ಹೀಗೆ ನೋಡಿ: ಪೆಲೆಟ್ ಇಲ್ಲದೆ ಕಾಕ್ ಮಾಡಿ, ಸುರಕ್ಷಿತ ದಿಕ್ಕಿಗೆ ಹಿಡಿದು, ಗ್ರಿಪ್ಪಿನ (ಹಿಡಿಕೆಯ) ಬುಡವನ್ನು ಇನ್ನೊಂದು ಅಂಗೈಯಿಂದ ಮೆಲ್ಲಗೆ ತಟ್ಟಿ. ಬಿಟ್ಟುಬಿಟ್ಟರೆ ಆ ಪಿಸ್ತೂಲನ್ನು ಪರಿಣತರ ಕೈಗೆ ಕೊಡಿ. ಅಲ್ಲಿಯವರೆಗೆ ಅದಕ್ಕೆ ಪೆಲೆಟ್ ಹಾಕಬೇಡಿ.

ಟ್ರಿಗರ್ ಸ್ಟಾಪನ್ನು (ಶಾಟ್ ಬಿಟ್ಟ ಮೇಲೆ ಟ್ರಿಗರನ್ನು ತಡೆದು ನಿಲ್ಲಿಸುವ ಸ್ಕ್ರೂ) ಮೊದಲು ಪೂರ್ತಿ ಹಿಂದಕ್ಕೆ ಸಡಿಲ ಮಾಡಿ. ಇಲ್ಲದಿದ್ದರೆ ಬೇರೆ ಯಾವ ಅಳತೆಯೂ ಸರಿಯಾಗಿ ಸಿಗುವುದಿಲ್ಲ. ಆಮೇಲೆ ಫಸ್ಟ್ ಸ್ಟೇಜಿನ ತೂಕ. ನಿಮ್ಮ ಹಂತದವರಿಗೆ ನಾನು ಫಸ್ಟ್ ಸ್ಟೇಜಿಗೆ 350 ಗ್ರಾಂ, ಸೆಕೆಂಡ್ ಸ್ಟೇಜಿಗೆ 170 ಗ್ರಾಂ ಹತ್ತಿರ ಇಡುತ್ತೇನೆ. ಒಟ್ಟು 520. ಫಸ್ಟ್ ಸ್ಟೇಜಿಗೆ 400 ಕೊಟ್ಟು ಉಳಿದದ್ದನ್ನು ಚೂರೇ ಚೂರು ಇಟ್ಟುಕೊಳ್ಳುವವರಿದ್ದಾರೆ, ಅರ್ಧರ್ಧ ಇಡುವವರೂ ಇದ್ದಾರೆ. ಅದೆಲ್ಲ ಬೆರಳು ಪಳಗಿದ ಮೇಲಿನ ಮಾತು. ಒಂದು ನೆನಪಿಡಿ, ಒಂದು ಸ್ಟೇಜ್ ಬದಲಿಸಿದರೆ ಒಟ್ಟು ತೂಕವೂ ಬದಲಾಗುತ್ತದೆ. ಹಾಗಾಗಿ ಪ್ರತಿ ಸಲ ಎರಡನ್ನೂ ತೂಗಿ. 500ಕ್ಕೆ ಸರಿಯಾಗಿ ನಿಲ್ಲಿಸುವ ಚೌಕಾಸಿ ಬೇಡ. ಧೂಳು, ಸ್ಪ್ರಿಂಗು, ಕೊಕ್ಕೆ ಸಿಕ್ಕಿಸುವ ಅಧಿಕಾರಿಯ ಕೈ ಎಲ್ಲವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. 20 ಗ್ರಾಂ ಜಾಸ್ತಿ ಇದ್ದರೆ ಬೆರಳಿಗೆ ಗೊತ್ತೇ ಆಗುವುದಿಲ್ಲ, ಕಂಟ್ರೋಲ್ ಟೇಬಲ್ ಮುಂದೆ ನಿಂತಾಗ ಎದೆ ಮಾತ್ರ ಹೊಡೆದುಕೊಳ್ಳುವುದಿಲ್ಲ.

ಕೊನೆಗೆ ಸ್ಟಾಪ್. ಶಾಟ್ ಬಿಟ್ಟ ತಕ್ಷಣ ಟ್ರಿಗರ್ ನಿಲ್ಲಬೇಕು. ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ವೇಗ ಅನಿಸಿದರೂ ನಳಿಕೆ ದಾಟಲು ಅದಕ್ಕೆ ಕೆಲವು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಬೆರಳು ಖಾಲಿ ಜಾಗದಲ್ಲಿ ಧುಮುಕಿದರೆ ಪಿಸ್ತೂಲು ಅಲುಗುತ್ತದೆ. ಸ್ಟಾಪ್ ಸ್ಕ್ರೂವನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ತನ್ನಿ. ಒಂದು ಕಡೆ ಶಾಟ್ ಬಿಡುವುದೇ ಇಲ್ಲ. ಅಲ್ಲಿಂದ ಕಾಲು ಸುತ್ತು ಹಿಂದೆ. ತೀರಾ ಬಿಗಿ ಇಟ್ಟರೆ ಮ್ಯಾಚಿನ ನಡುವೆ ಒಂದು ಧೂಳಿನ ಕಣ ಸಿಕ್ಕಿದರೂ ಟ್ರಿಗರ್ ಕೆಲಸ ಮಾಡುವುದಿಲ್ಲ. ನಮ್ಮ ಹುಬ್ಬಳ್ಳಿ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಟ್ರಿಗರ್ ಒಳಗೆ ಎಣ್ಣೆ ಬಿಡಬೇಡಿ ಅನ್ನುವುದೂ ಇದಕ್ಕೇ. ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಸ್ಕ್ರೂ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಉಗುರುಬಣ್ಣದ ಒಂದು ಗೆರೆ ಎಳೆಯಿರಿ. ಸ್ಕ್ರೂ ತಾನಾಗೇ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ವಾರಕ್ಕೆರಡು ಸಲ ಗದಗ-ಹುಬ್ಬಳ್ಳಿ ಓಡಾಡುವ ಪಿಸ್ತೂಲಿಗೆ ಇದು ಬೇಕು.

ಸ್ಕ್ರೂ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ನಿಮ್ಮ ಎಡ-ಕೆಳಗಿನ ಶಾಟ್.

ಒಂದು ಲೆಕ್ಕ ನೋಡಿ. ನಿಮ್ಮ ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಸುಮಾರು 33 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಟಾರ್ಗೆಟ್ 10 ಮೀಟರ್ ದೂರ. ಅಂದರೆ ಸುಮಾರು 30 ಪಟ್ಟು. ಮುಂದಿನ ಸೈಟ್ ಹಿಂದಿನದರ ಸೀಳಿನೊಳಗೆ 1 ಮಿಲಿಮೀಟರ್ ಸರಿದರೆ ಶಾಟ್ 30 ಮಿಲಿಮೀಟರ್ ಆಚೆ ಬೀಳುತ್ತದೆ. ಟೆನ್ ರಿಂಗಿನ ಅಡ್ಡಳತೆ 11.5 ಮಿಲಿಮೀಟರ್, ಆಮೇಲೆ ಒಂದೊಂದು ರಿಂಗಿಗೆ 8 ಮಿಲಿಮೀಟರ್. ನಟ್ಟನಡುವೆ ಬೀಳಬೇಕಿದ್ದ ಶಾಟ್ ಆ 30 ಮಿಲಿಮೀಟರಿನಿಂದ ಏಳಕ್ಕೆ ಹೋಗಿ ನಿಲ್ಲುತ್ತದೆ. ಅದೇ ಇಡೀ ಕೈ ಸೈಟಿನ ಜೋಡಣೆ ಕೆಡದಂತೆ 5 ಮಿಲಿಮೀಟರ್ ಪಕ್ಕಕ್ಕೆ ತೂಗಾಡಿದರೆ ಶಾಟ್ ಕೂಡ 5 ಮಿಲಿಮೀಟರ್ ಮಾತ್ರ ಸರಿಯುತ್ತದೆ, ಹತ್ತರಲ್ಲೇ ಇರುತ್ತದೆ. ಕೈ ತೂಗಾಟ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಅದಕ್ಕೇ ಎಲ್ಲರೂ ಅದರ ಜೊತೆ ಜಗಳ ಆಡುತ್ತಾರೆ. ಅಂಕ ಕದಿಯುವುದು ಬೆರಳು ತಂದಿಡುವ ಆ ಒಂದು ಮಿಲಿಮೀಟರ್.

ಬಲಗೈಯವರಲ್ಲಿ ಎಡಕ್ಕೆ-ಕೆಳಕ್ಕೆ ಹೋಗುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಬೆರಳಿನ ತುದಿ ಮಾತ್ರ ಟ್ರಿಗರ್ ಮೇಲಿದ್ದು, ನೇರ ಹಿಂದಕ್ಕೆ ಎಳೆಯುವ ಬದಲು ಎಡಕ್ಕೆ ದೂಡುತ್ತದೆ. ಇನ್ನೊಂದು, ಶಾಟ್ ಬಿಡುವ ಕ್ಷಣದಲ್ಲಿ ಬೆರಳಿನ ಜೊತೆ ಇಡೀ ಮುಷ್ಟಿ ಬಿಗಿಯಾಗುತ್ತದೆ, ಮಣಿಕಟ್ಟು ಬಾಗುತ್ತದೆ. "ಈಗ ಹತ್ತರಲ್ಲಿದೆ, ಹೊಡಿ" ಅಂತ ಮನಸ್ಸು ಆಜ್ಞೆ ಕೊಟ್ಟಾಗ ಆಗುವುದು ಇದೇ.

ಮೊದಲನೆಯದಕ್ಕೆ ಟ್ರಿಗರಿನ ಜಾಗ ಹೊಂದಿಸಬೇಕು. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಬೆರಳಿಡುವ ಆ ಬ್ಲೇಡನ್ನು ಹಿಂದೆ ಮುಂದೆ ಸರಿಸಬಹುದು, ಸ್ವಲ್ಪ ತಿರುಗಿಸಲೂಬಹುದು. ಕಣ್ಣು ಮುಚ್ಚಿ ಗ್ರಿಪ್ ಹಿಡಿಯಿರಿ. ಫಸ್ಟ್ ಸ್ಟೇಜ್ ತೆಗೆದುಕೊಂಡು ಗೋಡೆಗೆ ನಿಲ್ಲಿ. ಈಗ ಕಣ್ಣು ಬಿಟ್ಟು ನೋಡಿ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗದ ನಡುವೆ ಬ್ಲೇಡ್ ಕೂತಿರಬೇಕು. ಬೆರಳಿನ ಉಳಿದ ಭಾಗಕ್ಕೂ ಗ್ರಿಪ್ಪಿಗೂ ನಡುವೆ ಬೆಳಕು ಕಾಣಬೇಕು. ತಾಗಿದರೆ ಎಳೆದಾಗಲೆಲ್ಲ ಬೆರಳು ಗ್ರಿಪ್ಪನ್ನು ಪಕ್ಕಕ್ಕೆ ತಳ್ಳುತ್ತದೆ. ಹಿಂದಿನ ಮಾಲೀಕರ ಕೈ ನಿಮಗಿಂತ ದೊಡ್ಡದಿದ್ದರೆ ಬ್ಲೇಡ್ ನಿಮಗೆ ದೂರ ಇರುತ್ತದೆ. ಸೆಕೆಂಡ್ ಹ್ಯಾಂಡ್ ತಗೊಂಡವರಲ್ಲಿ ನಾನು ಮೊದಲು ನೋಡುವುದೇ ಇದನ್ನು. ಬೆರಳು ಬ್ಲೇಡಿನವರೆಗೆ ಚಾಚುವಂತಿರಬಾರದು, ಬ್ಲೇಡೇ ಬೆರಳಿನ ಹತ್ತಿರ ಬರಬೇಕು.

ಎರಡನೆಯದಕ್ಕೆ ಸ್ಕ್ರೂ ಇಲ್ಲ, ಅಭ್ಯಾಸವೇ ಬೇಕು. ಕಾಯಿಲೆ ಇದೆಯೋ ಇಲ್ಲವೋ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ರೇಂಜಿನಲ್ಲಿ ಗೆಳೆಯನಿಗೆ ಪಿಸ್ತೂಲು ಕೊಡಿ. ನಿಮಗೆ ಕಾಣದಂತೆ ಅವನು ಒಂದು ಸಲ ಪೆಲೆಟ್ ಹಾಕಿ ಕೊಡಲಿ, ಒಂದು ಸಲ ಡ್ರೈ ಫೈರಿಂಗಿಗೆ ಹಾಕಿ ಕೊಡಲಿ. ಪಿಸ್ತೂಲು ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು. ಡ್ರೈ ಬಂದಾಗ ಮುಂದಿನ ಸೈಟ್ ಗಬಕ್ಕನೆ ಕೆಳಗೆ ಬಿದ್ದರೆ ಮುಷ್ಟಿ ಬಿಗಿಯುತ್ತಿದೆ ಅಂತ ಅರ್ಥ. ಇನ್ನೊಂದು ಪರೀಕ್ಷೆ: ಟಾರ್ಗೆಟ್ ಕಾರ್ಡನ್ನು ತಿರುಗಿಸಿ ಬಿಳಿ ಬದಿ ಮುಂದೆ ಬರುವಂತೆ ಹಾಕಿ, ಅದರ ನಡುವಿಗೆ ಹತ್ತು ಶಾಟ್ ಹೊಡೆಯಿರಿ. ಕಪ್ಪು ವೃತ್ತಕ್ಕಿಂತ ಬಿಳಿ ಕಾರ್ಡಿನಲ್ಲಿ ಗ್ರೂಪ್ (ಶಾಟ್‌ಗಳು ಬಿದ್ದ ಗುಂಪು) ಚಿಕ್ಕದಾಗಿ ಬಂದರೆ, ನಿಮ್ಮ ಕೈಗೆ ಶೂಟ್ ಮಾಡಲು ಬರುತ್ತದೆ, ಕಪ್ಪು ಚುಕ್ಕೆ ಕಂಡಾಗ ಮಾತ್ರ ಮನಸ್ಸು ಅವಸರ ಮಾಡುತ್ತಿದೆ. ಬಹಳ ಮಂದಿಗೆ ಹಾಗೇ ಬರುತ್ತದೆ.

ಮನೆಯ ಅಭ್ಯಾಸಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಇರಬೇಕು. ಪೆಲೆಟ್ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಬಾಗಿಲು ಹಾಕಿಕೊಳ್ಳಿ, ಮನೆಯವರಿಗೆ ಹೇಳಿ, ನಳಿಕೆಯಲ್ಲಿ ಪೆಲೆಟ್ ಇಲ್ಲ ಅಂತ ಪ್ರತಿ ಸಲ ನೋಡಿ. ಮೊದಲ ವಾರ ಟಾರ್ಗೆಟ್ ಬೇಡ, ಬರೀ ಸುಣ್ಣದ ಗೋಡೆ. ಕೈ ಎತ್ತಿ, ಇಳಿಸುತ್ತಾ ಫಸ್ಟ್ ಸ್ಟೇಜ್ ತೆಗೆದುಕೊಳ್ಳಿ, ಬೆರಳನ್ನು ಟ್ರಿಗರಿನ ಆ ಗೋಡೆಗೆ ಒರಗಿಸಿ ಮೂರು ನಾಲ್ಕು ಸೆಕೆಂಡ್ ನಿಲ್ಲಿ, ಶಾಟ್ ಬಿಡದೆ ಬೆರಳು ತೆಗೆದು ಕೈ ಇಳಿಸಿ. ಇದನ್ನೇ ಹದಿನೈದು ಇಪ್ಪತ್ತು ಸಲ. ಬೇಜಾರು ಬರುವ ಕೆಲಸ. ಆದರೆ ಈಗ ನಿಮ್ಮ ಬೆರಳಿಗೆ ಬೇಕಾದದ್ದು ಇದೇ, ಟ್ರಿಗರ್ ಮೇಲೆ ಭಾರ ಹಾಕಿಯೂ ಹೆದರದೆ ಇರುವುದು. ಆಮೇಲೆ ಶಾಟ್ ಬಿಡಿ. ಒತ್ತಡ ಕೂಡುತ್ತಲೇ ಹೋಗಲಿ, ಯಾವಾಗ ಬಿಡುತ್ತದೆ ಅಂತ ಕಾಯಬೇಡಿ. ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಸೈಟ್ ನೋಡುತ್ತಾ ಹಾಗೇ ಇರಿ. ಬಿಡುವಾಗ ಮುಂದಿನ ಸೈಟ್ ಎತ್ತ ಸರಿಯಿತು ಅಂತ ನಿಮಗೆ ಕಾಣಿಸಬೇಕು. ಕಾಣಿಸಲಿಲ್ಲ ಅಂದರೆ ನೀವು ಸೈಟ್ ನೋಡುತ್ತಿರಲಿಲ್ಲ, ಅಥವಾ ಕಣ್ಣು ಮಿಟುಕಿತು.

ಎರಡನೇ ವಾರದಿಂದ ಗೋಡೆಗೆ ಚುಕ್ಕೆ ಅಂಟಿಸಬಹುದು. ನಿಜವಾದ ಕಪ್ಪು ವೃತ್ತ 59.5 ಮಿಲಿಮೀಟರ್. ನೀವು 3 ಮೀಟರ್ ದೂರ ನಿಲ್ಲುವುದಾದರೆ ಚುಕ್ಕೆ 18 ಮಿಲಿಮೀಟರ್ ಇರಲಿ. ಎತ್ತರ ನೆಲದಿಂದ 1.4 ಮೀಟರ್ ಸುಮಾರಿಗೆ. ಕೈ ನಿಂತ ಮೇಲೆ ನಾಲ್ಕರಿಂದ ಎಂಟು ಸೆಕೆಂಡಿನೊಳಗೆ ಶಾಟ್ ಹೋಗದಿದ್ದರೆ ಕೈ ಇಳಿಸಿ. ಎಳೆದು ಹಿಡಿದು ಹೊಡೆದ ಶಾಟ್ ಕೆಟ್ಟದ್ದೇ ಆಗುತ್ತದೆ. 60 ಶಾಟಿಗೆ 75 ನಿಮಿಷ ಕೊಡುತ್ತಾರೆ, ಒಂದಕ್ಕೆ ಒಂದೂಕಾಲು ನಿಮಿಷ ಆಯಿತು. ಕೈ ಇಳಿಸಿ ಮತ್ತೆ ಎತ್ತಲು ಧಾರಾಳ ಸಮಯ ಇದೆ. ಹುಡುಗರಿಗೆ ಕೈ ಇಳಿಸುವುದೆಂದರೆ ಅವಮಾನ ಅನಿಸುತ್ತದೆ, ಯಾಕೋ ಗೊತ್ತಿಲ್ಲ.

ರೇಂಜಿಗೆ ಬಂದ ದಿನ ಒಂದು ಪೆಲೆಟ್ ಶಾಟಿಗೆ ಎರಡು ಡ್ರೈ ಶಾಟ್ ಲೆಕ್ಕದಲ್ಲಿ ಮಾಡಿ. ಪರದೆ ಅಥವಾ ಕಾರ್ಡ್ ನೋಡುವ ಮುಂಚೆ ಶಾಟ್ ಎಲ್ಲಿ ಬಿತ್ತು ಅಂತ ಬಾಯಿಬಿಟ್ಟು ಹೇಳಿ. "ಒಂಬತ್ತು, ಎಡಕ್ಕೆ." ಆಮೇಲೆ ನೋಡಿ. ಹೇಳಿದ್ದಕ್ಕೂ ಬಿದ್ದದ್ದಕ್ಕೂ ತಾಳೆಯಾಗತೊಡಗಿದರೆ ನೀವು ಸೈಟ್ ನೋಡುತ್ತಿದ್ದೀರಿ. ತಾಳೆಯಾಗಿಯೂ ಇಡೀ ಗ್ರೂಪ್ ಒಂದು ಕಡೆಗಿದ್ದರೆ ಆಗ ಮಾತ್ರ ಸೈಟಿನ ಕ್ಲಿಕ್ ತಿರುಗಿಸಿ. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ ಬೆರಳು ಬೆವರಿ ಬ್ಲೇಡಿನ ಮೇಲೆ ಜಾರುತ್ತದೆ. ಪೌಡರ್ ಹಾಕಬೇಡಿ, ಅದು ಒಳಗೆ ಹೋಗುತ್ತದೆ. ಒಂದು ಒಣ ಕರವಸ್ತ್ರ ಇಟ್ಟುಕೊಂಡು ಒರೆಸಿಕೊಳ್ಳಿ. ಮತ್ತೆ, ಮ್ಯಾಚ್ ಇನ್ನು ಎರಡು ವಾರ ಇದೆ ಅನ್ನುವಾಗ ಯಾವ ಸ್ಕ್ರೂವನ್ನೂ ಮುಟ್ಟಬಾರದು. ತೂಕ ಮಾತ್ರ ಹಿಂದಿನ ದಿನವೂ, ಊರು ಮುಟ್ಟಿದ ಮೇಲೂ ನೋಡಿ.

ಎಲೆಕ್ಟ್ರಾನಿಕ್ ಟ್ರಿಗರ್ ವಿಷಯ. ಅದರಲ್ಲಿ ಬೆರಳಿನ ಎಳೆತಕ್ಕೆ ಒಂದು ಸ್ವಿಚ್ ಒತ್ತುತ್ತದೆ, ವಿದ್ಯುತ್ತಿನಿಂದ ಶಾಟ್ ಬಿಡುತ್ತದೆ. ಬಿಡುವುದು ತುಂಬಾ ನಯ, ಪ್ರತಿ ಸಲ ಒಂದೇ ಥರ, ಡ್ರೈ ಫೈರಿಂಗೂ ಸಲೀಸು. ಮೊರಿನಿ 162 ಇಐ ಅನ್ನುವ ಅಂಥ ಪಿಸ್ತೂಲು ಹಿಡಿದವರು ಅದನ್ನು ಬಿಡಲೊಲ್ಲರು. ಆದರೆ ನಿಯಮದ 500 ಗ್ರಾಂ ಅದಕ್ಕೂ ಇದೆ, ಪಕ್ಕಕ್ಕೆ ದೂಡುವ ಬೆರಳು ಅದರಲ್ಲೂ ಪಕ್ಕಕ್ಕೇ ದೂಡುತ್ತದೆ. ಮೇಲೆ ಬ್ಯಾಟರಿ ನೋಡಿಕೊಳ್ಳಬೇಕು, ಕೆಟ್ಟರೆ ನಮ್ಮ ಕಡೆ ರಿಪೇರಿಗೆ ಪರದಾಡಬೇಕು. ಕೆಡುವುದು ಯಾವ ಪಿಸ್ತೂಲಿಗೂ ತಪ್ಪಿದ್ದಲ್ಲ ಅನ್ನಿ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೈಕೊಟ್ಟಿತು, ಗಡಿಯಾರ ನಿಲ್ಲಲಿಲ್ಲ, 575 ಹೊಡೆದೂ ಫೈನಲ್ ತಪ್ಪಿತು. ಅದೇ ಸ್ಪರ್ಧೆಯಲ್ಲಿ ಕಂಚು ಬಂದದ್ದು 2024ರ ಪ್ಯಾರಿಸ್‌ನಲ್ಲಿ. ಅವರ ಮಟ್ಟದಲ್ಲಿ ಎರಡನೇ ಪಿಸ್ತೂಲು ಜೊತೆಗಿರುತ್ತದೆ. ನಿಮಗೆ ಸದ್ಯ ಒಂದೇ ಸಾಕು, ಎಲ್‌ಪಿ10 ಒಳ್ಳೆಯ ಪಿಸ್ತೂಲು.

ಕೈಯಲ್ಲಿ ದುಡ್ಡಿದ್ದರೆ ಮೊದಲು ಗ್ರಿಪ್ಪನ್ನು ನಿಮ್ಮ ಕೈಗೆ ಕೂರುವಂತೆ ಮಾಡಿಸಿ, ಉಳಿದದ್ದಕ್ಕೆ ಪೆಲೆಟ್ ತಗೊಳ್ಳಿ. ಅದಕ್ಕೂ ಮುಂಚೆ ಪಿಸ್ತೂಲಿನ ಗಾಳಿ ಸಿಲಿಂಡರ್ ಮೇಲಿನ ದಿನಾಂಕ ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಲ್ಲರೂ ಮರೆಯುವುದು ಇದನ್ನೇ. 200 ಬಾರ್ ಒತ್ತಡದ ಗಾಳಿ ಇರುವ ವಸ್ತು ಅದು, ತಯಾರಕರು ಕೊಡುವ ಬಾಳಿಕೆ ಹೆಚ್ಚೆಂದರೆ 10 ವರ್ಷ. ಅವಧಿ ಮುಗಿದಿದ್ದರೆ ಗಾಳಿ ತುಂಬಿಸಬೇಡಿ, ಹೊಸ ಸಿಲಿಂಡರ್ ತರಿಸಿ. ಟ್ರಿಗರ್ ತೂಕ ಸರಿ ಇದ್ದರೂ ಅದರಿಂದಲೇ ಕಂಟ್ರೋಲ್ ಟೇಬಲ್ ಮುಂದೆ ಇನ್ನೊಂದು ಸಲ ತಕರಾರು ಬಂದೀತು.